ಕೈಚಿತ್ರ: ಕಾಗದದಿಂದ ಅಚ್ಚಿಗೆ ದಾಟಿಸುವುದು ಹೇಗೆ?

ಕೈಯಲ್ಲೇ ಬರೆದ ಚಿತ್ರ ಬೇಕೆಂದು ಹಟ ಹಿಡಿದು ಬರೆಸಿಕೊಂಡವರೇ ಕೊನೆಗೆ ಅದನ್ನು ಮೊಬೈಲ್‌ನಲ್ಲಿ ಫೋಟೊ ಹೊಡೆದು ಮುದ್ರಣಕ್ಕೆ ಕಳಿಸುತ್ತಾರೆ. ಉತ್ಪನ್ನದ ಲೇಬಲ್ ಇರಲಿ, ಪಾಠದ ಪುಟವಿರಲಿ, ಆರೋಗ್ಯ ಜಾಗೃತಿಯ ಪೋಸ್ಟರ್ ಇರಲಿ, ಅಚ್ಚಾಗಿ ಬಂದಾಗ ಗೆರೆಯ ಅಂಚು ಮುರಿದು, ಬಣ್ಣ ಮಂಕು ಬಡಿದಿರುತ್ತದೆ. ಚಿತ್ರ ಕೆಡುವುದು ಬರೆಯುವಾಗಲ್ಲ, ಕಾಗದದಿಂದ ಕಂಪ್ಯೂಟರಿಗೆ ದಾಟಿಸುವಾಗ.

ಪೆನ್ಸಿಲ್ ಹಿಡಿಯುವ ಮೊದಲು ಅಚ್ಚಿನ ಅಳತೆ ಕೇಳಿಕೊಳ್ಳಿ. ಅದರ ಒಂದೂವರೆ ಪಟ್ಟು ಅಳತೆಯಲ್ಲಿ ಬರೆದರೆ ಕುಗ್ಗಿಸಿದಾಗ ಗೆರೆ ಬಿಗಿಯಾಗುತ್ತದೆ. ಬಣ್ಣ ಪುಟದ ಅಂಚು ಮುಟ್ಟುವಂತಿದ್ದರೆ, ಕತ್ತರಿಸಿ ಹೋಗುವ ಭಾಗಕ್ಕೆಂದು ಅಚ್ಚಿನ ಅಳತೆಯಲ್ಲಿ ಪ್ರತಿ ಬದಿಗೂ 3 ಮಿ.ಮೀ. ಹೆಚ್ಚು ಇರಲಿ. ಕರಡನ್ನು ಹಣ ಕೊಡುವವರಿಗೆ ತೋರಿಸಿದರೆ ಸಾಲದು, ಅದನ್ನು ಓದಬೇಕಾದವರಿಗೂ ತೋರಿಸಿ. ಸೊಳ್ಳೆಯನ್ನು ಅಂಗೈಯಗಲ ಬರೆದರೆ ಅದು ಬೇರೇನೋ ಹುಳವೆಂದು ತಿಳಿಯುವವರಿರುತ್ತಾರೆ. ಪಕ್ಕದಲ್ಲೇ ನಿಜಗಾತ್ರದ್ದೊಂದನ್ನು ಬರೆಯಿರಿ.

ಕರಡಿಗೆ ತಿಳಿನೀಲಿ ಪೆನ್ಸಿಲ್, ಮೇಲೆ ನೀರಿಗೆ ಕರಗದ ಪಿಗ್ಮೆಂಟ್ ಇಂಕು. ಅಗ್ಗದ ಜೆಲ್ ಪೆನ್ನು ಬೇಡವೇ ಬೇಡ, ಜಲವರ್ಣ ತಾಗಿದೊಡನೆ ಹರಡಿಕೊಳ್ಳುತ್ತದೆ. ಫ್ಲೋರೊಸೆಂಟ್ ಮಾರ್ಕರ್ ಕೂಡ ಬೇಡ. ಸ್ಕ್ಯಾನರ್ ಅದನ್ನು ಸರಿಯಾಗಿ ಹಿಡಿಯುವುದಿಲ್ಲ, ಮಾಮೂಲಿ ನಾಲ್ಕು ಬಣ್ಣದ ಮುದ್ರಣದಲ್ಲಿ ಆ ಹೊಳಪು ಬರುವುದೂ ಇಲ್ಲ.

ಇನ್ನು ಸ್ಕ್ಯಾನಿಂಗ್. ಇಲ್ಲಿ ಅವಸರ ಮಾಡಬೇಡಿ. ಗಾಜನ್ನು ನೂಲು ಬಿಡದ ಬಟ್ಟೆಯಲ್ಲಿ ಒರೆಸಿ; ದ್ರವವನ್ನು ಬಟ್ಟೆಗೆ ಸಿಂಪಡಿಸಿ, ಗಾಜಿಗಲ್ಲ. ಜಲವರ್ಣಕ್ಕೆ ಕಾಗದ ಸುಕ್ಕಾಗಿದ್ದರೆ ಮುಚ್ಚಳದ ಮೇಲೆ ಒಂದೆರಡು ಪುಸ್ತಕ ಹೇರಿ. ಸ್ಕ್ಯಾನರಿನ ಸ್ವಯಂಚಾಲಿತ ತಿದ್ದುಪಡಿಗಳನ್ನೆಲ್ಲ ನಿಲ್ಲಿಸಿಬಿಡಿ. ಕಾಗದವನ್ನು ಬೆಳ್ಳಗಾಗಿಸುವ ಭರದಲ್ಲಿ ಅವು ತೆಳು ಬಣ್ಣವನ್ನೂ ತಿಂದುಹಾಕುತ್ತವೆ. ಬಣ್ಣದ ಚಿತ್ರಕ್ಕೆ ಅಚ್ಚಿನ ಅಳತೆಯಲ್ಲಿ 300 ಡಿಪಿಐ (ಇಂಚಿಗೆ 300 ಚುಕ್ಕೆ) ಬೇಕು: ಎ4 ಪುಟವಾದರೆ 2480 × 3508 ಪಿಕ್ಸೆಲ್. ಅದೇ ಚಿತ್ರ ಎರಡು ಪಟ್ಟು ದೊಡ್ಡದಾಗಿ ಅಚ್ಚಾಗುವುದಿದ್ದರೆ 600ರಲ್ಲಿ ಸ್ಕ್ಯಾನ್ ಮಾಡಿ. ಆಮೇಲೆ ಕಂಪ್ಯೂಟರಿನಲ್ಲಿ ಹಿಗ್ಗಿಸಿದರೆ ಪಿಕ್ಸೆಲ್ ಹೆಚ್ಚುತ್ತದೆಯೇ ಹೊರತು ಸ್ಕ್ಯಾನಿನಲ್ಲಿ ಸಿಗದ ವಿವರ ಸಿಗುವುದಿಲ್ಲ. ಬರೀ ಕಪ್ಪು ಗೆರೆಯ ಚಿತ್ರಕ್ಕೆ 600ಕ್ಕಿಂತ ಕಡಿಮೆ ಇಳಿಯಬೇಡಿ. ಅದನ್ನೂ ಬಣ್ಣದಲ್ಲೇ ಸ್ಕ್ಯಾನ್ ಮಾಡಿ: ಸ್ಕ್ಯಾನಿನ ಕೆಂಪು, ಹಸಿರು, ನೀಲಿ ಎಂಬ ಮೂರು ಬಣ್ಣದ ಪಾಲುಗಳಲ್ಲಿ (ಚಾನೆಲ್) ನೀಲಿಯೊಂದನ್ನೇ ಉಳಿಸಿಕೊಂಡರೆ ನೀಲಿ ಪೆನ್ಸಿಲ್ ಬಿಳಿಯಲ್ಲಿ ಬೆರೆತು ಮಾಯವಾಗುತ್ತದೆ, ಇಂಕು ಕಪ್ಪಾಗಿಯೇ ನಿಲ್ಲುತ್ತದೆ. ರಬ್ಬರ್ ಉಜ್ಜುವ ಕೆಲಸವೇ ಇಲ್ಲ.

ಕಾಗದ ದೊಡ್ಡದಿದ್ದರೆ ಭಾಗ ಭಾಗವಾಗಿ, ಒಂದರ ಮೇಲೊಂದು ಸ್ವಲ್ಪ ಹಾಯುವಂತೆ ಸ್ಕ್ಯಾನ್ ಮಾಡಿ ಜೋಡಿಸಿ. ಆದರೆ ಕಾಗದವನ್ನು ತಿರುಗಿಸಿ ಇಡಬೇಡಿ. ಸ್ಕ್ಯಾನರಿನ ಬೆಳಕು ಒಂದೇ ಬದಿಯಿಂದ ಬೀಳುವುದರಿಂದ, ತಿರುಗಿಸಿದ ಭಾಗದಲ್ಲಿ ಕಾಗದದ ತರಿಯ ನೆರಳು ಉಲ್ಟಾ ಆಗಿ ಜೋಡಣೆ ಎದ್ದು ಕಾಣುತ್ತದೆ. ಫೈಲನ್ನು ಟಿಫ್ ಎಂಬ ಮಾದರಿಯಲ್ಲಿ ಉಳಿಸಿ. ಜೆಪಿಜಿಯಾದರೆ ತಿದ್ದಿ ಉಳಿಸಿದಷ್ಟು ಸಲವೂ ಸವೆಯುತ್ತದೆ.

ಚಿತ್ರ ತಿದ್ದುವ ತಂತ್ರಾಂಶದಲ್ಲಿ ಬೆಳಕು-ಕತ್ತಲೆಯ ಮಟ್ಟ ಹೊಂದಿಸುವ ಲೆವೆಲ್ಸ್‌ನಲ್ಲಿ ಬಿಳಿಯ ಗುಂಡಿಯನ್ನು ಮೆಲ್ಲಗೆ ಸರಿಸಿ, ಅತಿ ತೆಳುವಾದ ಬಣ್ಣ ಮಸುಕಾಗುವ ಮುನ್ನ ನಿಲ್ಲಿಸಿ. ಧೂಳಿನ ಚುಕ್ಕೆ ತೆಗೆಯಿರಿ, ಕುಂಚದ ಗುರುತು ತೆಗೆಯಬೇಡಿ. ಚಿತ್ರವನ್ನು ತಂತ್ರಾಂಶವೇ ತಾನಾಗಿ ಗೆರೆಗಳಾಗಿ ಬದಲಿಸುವ ಆಟೊ ಟ್ರೇಸ್ ಎಂಬ ಅಡ್ಡದಾರಿ ನನಗೆ ಕಂಡರಾಗದು. ಗೆರೆಯ ನಡುಕವನ್ನೆಲ್ಲ ಅದು ಸವರಿ ನುಣುಪು ಮಾಡಿಬಿಡುತ್ತದೆ. ಹಾಗಾಗುವುದಾದರೆ ಕೈಯಲ್ಲಿ ಬರೆದದ್ದೇಕೆ? ಲೋಗೊ ಒಂದಕ್ಕೆ ಮಾತ್ರ ವೆಕ್ಟರ್, ಅಂದರೆ ಎಷ್ಟು ಹಿಗ್ಗಿಸಿದರೂ ಅಂಚು ಒಡೆಯದ ಗೆರೆಚಿತ್ರ, ಬೇಕೇ ಬೇಕು. ಅದನ್ನೂ ಪೆನ್ ಟೂಲ್ ಹಿಡಿದು ಕೈಯಾರೆ ಎಳೆಯಿರಿ.

ಅಕ್ಷರಗಳು ಚಿತ್ರದ ಮೇಲಿನ ಬೇರೆ ಪದರದಲ್ಲಿ (ಲೇಯರ್) ಇರಲಿ. ಪಾಠದ ಚಿತ್ರ, ಜಾಗೃತಿಯ ಚಿತ್ರ ಇನ್ನೊಂದು ಭಾಷೆಗೆ ಹೋಗುವುದು ಸಾಮಾನ್ಯ. ಅಕ್ಷರಕ್ಕೆ ಕಪ್ಪು ಶಾಯಿ ಒಂದೇ, ಶೇ 100; ನಾಲ್ಕೂ ಶಾಯಿ ಸೇರಿಸಿದ ಕಪ್ಪು ಒಂಚೂರು ಜರುಗಿದರೂ ಅಕ್ಷರದ ಸುತ್ತ ಬಣ್ಣದ ಅಂಚು ಮೂಡುತ್ತದೆ. ಸಿಎಂವೈಕೆಗೆ, ಅಂದರೆ ಮುದ್ರಣದ ನಾಲ್ಕು ಶಾಯಿಯ ಬಣ್ಣಪದ್ಧತಿಗೆ, ಕೊನೆಯಲ್ಲಷ್ಟೇ ಬದಲಿಸಿ. ಕಡುನೀಲಿ, ಎಳೆಹಸಿರು ಅಲ್ಲಿ ಮಂಕಾಗುತ್ತವೆ, ಹಾಗಾಗಿ ಪ್ರೂಫ್ (ಮಾದರಿ ಅಚ್ಚು) ನೋಡದೆ ಒಪ್ಪಿಗೆ ಕೊಡಬೇಡಿ. ಮೂಲ ಸ್ಕ್ಯಾನನ್ನು ಮುಟ್ಟದೆ ಬೇರೆಯೇ ಇಟ್ಟುಕೊಳ್ಳಿ. ಚಿತ್ರವನ್ನು ಎಲ್ಲೆಲ್ಲಿ, ಎಷ್ಟು ಕಾಲ ಬಳಸಬಹುದು, ಮೂಲ ಕಾಗದ ಯಾರದು ಎಂಬುದನ್ನು ಲಿಖಿತವಾಗಿ ಪಡೆದ ಮೇಲೆ ಫೈಲ್ ಕಳಿಸಿ.