ಕಾರ್ಡೂನ್ ದಂಟು ಕಪ್ಪಾಗದಿರಲು
ಪುಣೆಯ ಚಳಿಯಲ್ಲಿ ತಾರಸಿಯ ಮೇಲೆ ಕಾರ್ಡೂನ್ (ಆರ್ಟಿಚೋಕ್‌ನ ಹತ್ತಿರದ ಸಂಬಂಧಿ, ದಂಟು ತಿನ್ನುವ ತರಕಾರಿ) ಬೆಳೆಸಿರುವವರು ದಂಟಿನ ನಾರು ಸುಲಿದು ಹೆಚ್ಚುತ್ತಿರುವಾಗಲೇ ಹೋಳುಗಳನ್ನು ನಿಂಬೆರಸ ಹಿಂಡಿದ ನೀರಿಗೆ ಹಾಕುತ್ತಾ ಹೋಗಿ. ಬದನೆಕಾಯಿಯ ಹಾಗೆ ಇದೂ ಗಾಳಿ ತಾಗಿದರೆ ಕಪ್ಪಾಗುತ್ತದೆ. ಹಾಗೆ ಕೆಡುವುದು ಅದರೊಳಗಿನ ಕ್ಲೋರೋಜೆನಿಕ್ ಆಮ್ಲದಂತಹ ಪಾಲಿಫಿನಾಲ್‌ಗಳು, ಅಂದರೆ ಗಿಡಗಳಲ್ಲಿರುವ ಉತ್ಕರ್ಷಣ ನಿರೋಧಕ ಅಂಶಗಳು; ನಾವು ಉಳಿಸಿಕೊಳ್ಳಬೇಕಾದ ಸತ್ವವೂ ಅವೇ. ಹುಳಿ ಆ ಕ್ರಿಯೆಯನ್ನು ನಿಧಾನಗೊಳಿಸುತ್ತದೆ. 100 ಗ್ರಾಂ ಹಸಿ ದಂಟಿನಲ್ಲಿ ಸುಮಾರು 400 ಮಿ.ಗ್ರಾಂ ಪೊಟ್ಯಾಶಿಯಂ, 70 ಮಿ.ಗ್ರಾಂ ಕ್ಯಾಲ್ಸಿಯಂ ಇದೆ. ಬೇಯಿಸಿದಾಗ ಇವುಗಳಲ್ಲಿ ಒಂದಷ್ಟು ಭಾಗ ನೀರಿಗೆ ಇಳಿಯುವುದರಿಂದ, ತೀರಾ ಕಹಿಯಿಲ್ಲದಿದ್ದರೆ ಆ ನೀರನ್ನು ತೊವ್ವೆಗೆ ಸುರಿಯಿರಿ, ಚೆಲ್ಲಬೇಡಿ. ಬಲಿತು ಟೊಳ್ಳಾದ ದಂಟನ್ನು ಹೀಗೆ ನೆನೆಸಿ ಬೇಯಿಸಿದರೂ ಅದರ ಕಹಿ ಹಾಗೆಯೇ ಉಳಿಯುತ್ತದೆ. ಸೇವಂತಿಗೆಯ ಅಲರ್ಜಿ ಇರುವವರು ಇದನ್ನು ತಿನ್ನದಿರುವುದೇ ಮೇಲು. ಎರಡೂ ಒಂದೇ ಕುಟುಂಬದ ಗಿಡಗಳು.