ಗಾಯದ ಪೊರೆ ತೆಗೆದ ಮೇಲೆ: ಕಣ್ಣಿನ ಪಟ್ಟಿಯನ್ನು ಶಾಲೆಗೆ ಒಪ್ಪಿಸಿದ ನನ್ನ ಅನುಭವ

ಸಿಂಧನೂರು, ಮಸ್ಕಿ, ಲಿಂಗಸುಗೂರು ಭಾಗದಿಂದ ನನ್ನಲ್ಲಿಗೆ ಬರುವ ಮಕ್ಕಳ ಕಣ್ಣಿನ ಗಾಯಗಳಲ್ಲಿ ಬಳ್ಳಾರಿ ಜಾಲಿಯ ಮುಳ್ಳು, ಹತ್ತಿಕಟ್ಟಿಗೆ ಮತ್ತು ಚಿಣಿದಾಂಡಿನ ಏಟುಗಳೇ ಹೆಚ್ಚು. ದೀಪಾವಳಿಯ ವಾರದಲ್ಲಿ ಮಾತ್ರ ಪಟಾಕಿ ಮುಂದಾಗುತ್ತದೆ. ಮೊದಲು ಕಾರ್ನಿಯಾ (ಕಣ್ಣಿನ ಮುಂಬದಿಯ ಪಾರದರ್ಶಕ ಪದರ) ಹೊಲಿದು, ಉರಿಯೂತ ಇಳಿದ ಮೇಲೆ ಗಾಯದಿಂದ ಬಂದ ಪೊರೆ ತೆಗೆದು ಲೆನ್ಸ್ ಕೂರಿಸುವುದು, ಚಿಕ್ಕವರಿಗೆ ಲೆನ್ಸಿನ ಹಿಂಬದಿಯ ಕ್ಯಾಪ್ಸೂಲ್ (ತೆಳು ಚೀಲ) ತೆರೆದು ವಿಟ್ರೆಕ್ಟಮಿಯನ್ನೂ (ಅದರ ಹಿಂದಿನ ಲೋಳೆ ತೆಗೆಯುವುದನ್ನೂ) ಆಗಲೇ ಮುಗಿಸುವುದು ನಮ್ಮ ಕಣ್ಣಿನ ವೈದ್ಯರಲ್ಲಿ ಯಾರಿಗೂ ಹೊಸದಲ್ಲ. ನನ್ನನ್ನು ವರ್ಷಗಟ್ಟಲೆ ಕಾಡಿದ್ದು ಅನಂತರದ ಆಂಬ್ಲಿಯೋಪಿಯಾ, ಅಂದರೆ ಮಿದುಳು ಆ ಕಣ್ಣನ್ನು ಬಳಸದೆ ಬಿಡುವುದರಿಂದ ಉಳಿಯುವ ಮಂದದೃಷ್ಟಿ. ಲೆನ್ಸ್ ನಡುವಿನಲ್ಲೇ ಕುಳಿತಿರುತ್ತಿತ್ತು, ರೆಟಿನಾ (ಕಣ್ಣಿನ ಹಿಂಬದಿಯ ಪರದೆ) ಚೆನ್ನಾಗಿರುತ್ತಿತ್ತು, ದೃಷ್ಟಿ ಮಾತ್ರ 6/60 (ಸರಿಯಾದ ಕಣ್ಣು ಅರವತ್ತು ಮೀಟರಿನಿಂದ ಓದುವ ಅಕ್ಷರವನ್ನು ಆರು ಮೀಟರಿನಿಂದ ಓದುವಷ್ಟು) ದಾಟುತ್ತಿರಲಿಲ್ಲ.

ಇದಕ್ಕೆ ಮದ್ದೆಂದರೆ ಒಳ್ಳೆಯ ಕಣ್ಣನ್ನು ಪಟ್ಟಿಯಿಂದ ಮುಚ್ಚಿ ಗಾಯದ ಕಣ್ಣಿಗೆ ಕೆಲಸ ಕೊಡುವುದು. ಆದರೆ ಅಂಟುಪಟ್ಟಿ ನಮ್ಮ ರಾಯಚೂರಿನ ಬಿಸಿಲಿಗೆ ನಿಲ್ಲುವುದಿಲ್ಲ. ನಲವತ್ತು ಡಿಗ್ರಿ ದಾಟಿದರೆ ಬೆವರಿಗೆ ಕಿತ್ತು ಬರುತ್ತದೆ, ಹುಬ್ಬಿನ ಸುತ್ತ ಗುಳ್ಳೆಯೇಳುತ್ತವೆ. ಮೇಲಾಗಿ ಪಟ್ಟಿಗೆ ತಿಂಗಳಿಗೆ ಆರೇಳು ನೂರು ರೂಪಾಯಿಯ ಖರ್ಚು ಕೂಲಿಯ ಮನೆಗೆ ಹೊರೆಯೇ ಸರಿ. ಸುಗ್ಗಿ ಮುಗಿಯುತ್ತಲೇ ತಂದೆತಾಯಿ ಬೆಂಗಳೂರಿಗೆ ಗುಳೆ ಹೋದರೆ ಪಟ್ಟಿ ಕಟ್ಟುವವರೇ ಇರುವುದಿಲ್ಲ. ಇಂಥ ಮಕ್ಕಳ ಹಿಂದೆ ಬೀಳುವುದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ ಎಂದು ಹಿರಿಯ ಸಹೋದ್ಯೋಗಿಗಳು ಹೇಳುತ್ತಿದ್ದರು.

ಲೆನ್ಸ್ ಹಾಕಿದ ಮಗುವಿಗೆ ದೂರಕ್ಕೂ ಹತ್ತಿರಕ್ಕೂ ಆಗುವ ಬೈಫೋಕಲ್ ಕನ್ನಡಕ ಬೇಕೇ ಬೇಕು. ಉಳಿದ ಒಳ್ಳೆಯ ಕಣ್ಣಿನ ರಕ್ಷಣೆಗೆ ಅದು ಸುಲಭಕ್ಕೆ ಒಡೆಯದ ಪ್ಲಾಸ್ಟಿಕ್ಕಾದ ಪಾಲಿಕಾರ್ಬೊನೇಟಿನದೇ ಆಗಿರಬೇಕು. ಆ ಕನ್ನಡಕದಲ್ಲಿ ಒಳ್ಳೆಯ ಕಣ್ಣಿನ ಬದಿಗೇ ತೊಡಿಸುವ ಕಪ್ಪು ಬಟ್ಟೆಯ ಚೀಲವೊಂದನ್ನು ದರ್ಜಿಯಿಂದ ಹೊಲಿಸಿದೆ. ಒಂದಕ್ಕೆ ಹದಿನೈದು ರೂಪಾಯಿಯಷ್ಟು ಬಿತ್ತು. ಮೊದಲ ಮಾದರಿಗಳೆಲ್ಲ ಕೆಲಸಕ್ಕೆ ಬಾರಲಿಲ್ಲ, ಏಕೆಂದರೆ ಮಕ್ಕಳು ಮೂಗಿನ ಬದಿಯ ಸಂದಿಯಿಂದ ಇಣುಕಿ ನೋಡುತ್ತಿದ್ದರು. ಆ ಸಂದಿಯನ್ನು ಮುಚ್ಚುವ ಕತ್ತರಿಕೆಯನ್ನು ಇಲ್ಲಿ ಬರೆಯಲಾರೆ; ಬಂದವರಿಗೆ ತೋರಿಸುತ್ತೇನೆ. ಚೀಲವನ್ನು ಮನೆಗೆ ಕೊಡದೆ ತರಗತಿಯ ಶಿಕ್ಷಕರ ಮೇಜಿನ ಖಾನೆಯಲ್ಲಿ ಇಡಿಸಿದೆ. ಪ್ರಾರ್ಥನೆ ಮುಗಿದೊಡನೆ ತೊಡಿಸಿ, ಬಿಸಿಯೂಟದ ಹೊತ್ತಿಗೆ ತೆಗೆಯುವುದೆಂದರೆ ದಿನಕ್ಕೆ ಮೂರು ಗಂಟೆ ನಿಶ್ಚಿತ, ಅದೂ ಓದುಬರಹದ ಹೊತ್ತಿನಲ್ಲಿ. ಮಧ್ಯಮ ಪ್ರಮಾಣದ ಆಂಬ್ಲಿಯೋಪಿಯಾಕ್ಕೆ ಎರಡು ಗಂಟೆಯ ಪಟ್ಟಿಯೂ ಆರು ಗಂಟೆಯಷ್ಟೇ ಫಲ ಕೊಡುತ್ತದೆಂದು 2003ರ ಅಮೆರಿಕದ ಅಧ್ಯಯನ ತೋರಿಸಿತ್ತು. ಅದು ಮೆಳ್ಳೆಗಣ್ಣು ಮತ್ತು ಕನ್ನಡಕದ ನಂಬರಿನ ದೋಷವಿದ್ದ ಮಕ್ಕಳ ಮಾತಾದ್ದರಿಂದ, ಕಣ್ಣಿಗೆ ಗಾಯವಾದ ಈ ಮಕ್ಕಳ ಒಳ್ಳೆಯ ಕಣ್ಣಿಗೆ ರಜೆಯ ದಿನವೂ ಅಜ್ಜಿಯಿಂದ ಕಟ್ಟಿಸಿದೆ.

ಆಡು ಕಾಯಲು ಹೋಗಿ ಜಾಲಿಮುಳ್ಳು ಚುಚ್ಚಿಸಿಕೊಂಡಿದ್ದ ಆರು ವರ್ಷದ ಹುಡುಗನೊಬ್ಬ ಮೊದಲ ವಾರ ಚೀಲ ತೊಟ್ಟು ಬೋರ್ಡಿನ ಅಕ್ಷರ ಕಾಣದೆ ಅಳುತ್ತಿದ್ದ. ಅವನ ತರಗತಿಯ ಅಕ್ಕೋರು (ಶಿಕ್ಷಕಿ) ಅವನನ್ನು ಮುಂದಿನ ಸಾಲಿಗೆ ಕರೆದು, ಕಾಗುಣಿತವನ್ನು ಅಂಗೈಯಗಲ ಬರೆದುಕೊಟ್ಟು, ತಿಂಗಳಿಂದ ತಿಂಗಳಿಗೆ ಅಕ್ಷರ ಚಿಕ್ಕದು ಮಾಡುತ್ತ ಹೋದರು. ವರ್ಷ ತುಂಬುವಾಗ ಅವನು 6/12 ಓದಿದ. ಅನುಮಾನಪಟ್ಟಿದ್ದ ಹಿರಿಯರೇ ಈಗ ತಮ್ಮಲ್ಲಿಗೆ ಬಂದ ಮಕ್ಕಳನ್ನು ನನ್ನ ಕಡೆ ಕಳಿಸುತ್ತಾರೆ.

ಗುಳೆ ಹೋಗುವ ಕೆಲವು ಮಕ್ಕಳಿಗೆ ವಾರದ ಕೊನೆಯೆರಡು ದಿನ ಪಟ್ಟಿಯ ಬದಲು ಒಳ್ಳೆಯ ಕಣ್ಣಿಗೆ ಅದನ್ನು ಮಂಜಾಗಿಸುವ ಅಟ್ರೋಪಿನ್ ಹನಿ ಹಾಕಿಸಿಯೂ ನೋಡಿದೆ. ಗಾಯದ ಕಣ್ಣು 6/36ಕ್ಕಿಂತ ಮಬ್ಬಾಗಿದ್ದವರಲ್ಲಿ ಅದು ನಾಟಲಿಲ್ಲ. ಮಂಜಾದರೂ ಒಳ್ಳೆಯ ಕಣ್ಣಿನಲ್ಲೇ ನೋಡುತ್ತಿದ್ದರು.

ಸುಮಾರು ನಲವತ್ತು ಮಕ್ಕಳಲ್ಲಿ ಮೂರರಲ್ಲೆರಡು ಪಾಲು 6/18ಕ್ಕೆ ಅಥವಾ ಅದಕ್ಕಿಂತ ಚೆನ್ನಾಗಿ ಬಂದಿದ್ದಾರೆ. ಉಳಿದವರಲ್ಲಿ ಹೆಚ್ಚಿನವರಿಗೆ ಕಾರ್ನಿಯಾದ ನಟ್ಟನಡುವೆ ಕಲೆಯಿದೆ. ಅವರಿಗೆ ಗಡಸು ಕಾಂಟ್ಯಾಕ್ಟ್ ಲೆನ್ಸ್ ಹಾಕಿ ನೋಡಿದಾಗ ಅಕ್ಷರ ಸ್ಪಷ್ಟವಾಗಿದ್ದುಂಟು, ಆದರೆ ಹೊಲದ ದೂಳಿನಲ್ಲಿ ಅದನ್ನು ಇಟ್ಟುಕೊಳ್ಳುವ ದಾರಿ ನನಗಿನ್ನೂ ಸಿಕ್ಕಿಲ್ಲ.