ಕೈ ನಡುಗಿದರೂ ಪ್ರಾಜೆಕ್ಟ್ ಹೇಳಬಹುದು

ಪ್ರಾಜೆಕ್ಟ್ ಮಂಡನೆಯ ದಿನ ಹಿಂದಿನ ಬೆಂಚಿನಲ್ಲಿ ಕೂತು ಅಂಕ ಹಾಕುವ ಕೆಲಸ ನನ್ನದು. ವರ್ಷ ವರ್ಷವೂ ಅದೇ ಕಥೆ. ತಿಂಗಳುಗಟ್ಟಲೆ ಲ್ಯಾಬಿನಲ್ಲಿ ನಿಂತು ಅಚ್ಚುಕಟ್ಟಾಗಿ ರೀಡಿಂಗ್ ತೆಗೆದ ಹುಡುಗಿ ಪರದೆಯ ಪಕ್ಕ ಬಂದು ನಿಲ್ಲುತ್ತಾಳೆ. ಬಾಯಿಪಾಠ ಮಾಡಿದ ಎಂಟು ಪುಟ ಶುರುವಾಗುತ್ತದೆ. ಮೂರನೇ ವಾಕ್ಯದಲ್ಲಿ ಒಂದು ಪದ ಕೈಕೊಡುತ್ತದೆ. ಅಷ್ಟೆ, ಅದರ ಹಿಂದೆ ಕಟ್ಟಿದ್ದೆಲ್ಲ ಮರೆತೇಹೋಗುತ್ತದೆ. ಆಮೇಲೆ ನಮಗೆ ಬೆನ್ನು ಹಾಕಿ ಸ್ಲೈಡ್ ಓದುವುದು. ಕೆಲಸ ಗೊತ್ತಿಲ್ಲದವಳಲ್ಲ, ತಯಾರಿ ಮಾಡಿಕೊಂಡ ರೀತಿಯೇ ತಪ್ಪು.

ಭಯ ಹೋದಮೇಲೆ ಮಾತಾಡುತ್ತೇನೆ ಅಂತ ಕಾಯಬೇಡಿ. ವಿದ್ಯುತ್ ಪಾಠದಲ್ಲಿ ಬರುವ ವೀಟ್‌ಸ್ಟೋನ್ ಬ್ರಿಡ್ಜ್ ನೆನಪಿದೆಯಲ್ವಾ? ಆ ಚಾರ್ಲ್ಸ್ ವೀಟ್‌ಸ್ಟೋನ್‌ಗೆ ಸಭೆ ಅಂದರೆ ಎಷ್ಟು ಹೆದರಿಕೆಯೆಂದರೆ, ಅವರ ಸಂಶೋಧನೆಗಳನ್ನು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಎಷ್ಟೋ ಸಲ ಮೈಕೆಲ್ ಫ್ಯಾರಡೆ ಹೇಳಬೇಕಾಗುತ್ತಿತ್ತು. ನಿಮ್ಮ ಪರವಾಗಿ ಫ್ಯಾರಡೆ ಬರುವುದಿಲ್ಲ. ಹಾಗಾಗಿ ಭಯ ಇಟ್ಟುಕೊಂಡೇ ಮಾತಾಡುವ ಏರ್ಪಾಡು ನೋಡೋಣ.

1. ಒಂದು ವಾಕ್ಯ ಬರೆದುಕೊಳ್ಳಿ

ಏನು ಮಾಡಿದಿರಿ, ಏನು ಸಿಕ್ಕಿತು. ಒಂದೇ ವಾಕ್ಯದಲ್ಲಿ. ಅದು ಬರದಿದ್ದರೆ ಸ್ಲೈಡ್ ಮಾಡಲು ಕೂರಬೇಡಿ.

2. ಸ್ಲೈಡ್

10 ನಿಮಿಷಕ್ಕೆ 8 ಸಾಕು. ಓದಲು ಬರುವಷ್ಟು ಸಾಲುಗಳನ್ನು ಹಾಕಬೇಡಿ. ಹಾಕಿದರೆ ಓದುತ್ತೀರಿ. ಹೂಬಳ್ಳಿ ಸುತ್ತಿದ ರೆಡಿಮೇಡ್ ಟೆಂಪ್ಲೇಟ್ ಬೇಡವೇ ಬೇಡ. ಬಿಳಿ ಹಿನ್ನೆಲೆ, ಕಪ್ಪು ಅಕ್ಷರ, ದೊಡ್ಡ ಗ್ರಾಫ್.

3. ಮೊದಲ ನಿಮಿಷ

ಎಲ್ಲರೂ ಮುಗ್ಗರಿಸುವುದು ಇಲ್ಲೇ. ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಹೆಸರು ಕರೆದ ಕೂಡಲೇ ಮೈಯಲ್ಲಿ ಅಡ್ರಿನಲಿನ್ ಏರುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಜೊಲ್ಲು ಕಡಿಮೆಯಾಗಿ ಬಾಯಿ ಒಣಗುತ್ತದೆ, ಬೆರಳು ನಡುಗುತ್ತದೆ. ಇದು ಜಾಸ್ತಿ ಇರುವುದು ಮಾತು ಶುರುವಾಗುವ ಮುಂಚೆ ಮತ್ತು ಶುರುವಾದ ಮೊದಲ ಒಂದೆರಡು ನಿಮಿಷ. ಆಮೇಲೆ ತಾನಾಗಿ ಇಳಿಯುತ್ತದೆ. ಅಂದರೆ ನೀವು ಸಂಭಾಳಿಸಬೇಕಾದದ್ದು ಹತ್ತು ನಿಮಿಷ ಅಲ್ಲ, ಒಂದೆರಡೇ ನಿಮಿಷ.

ಬಾಯಿಪಾಠ ಮಾಡುವುದಾದರೆ ಇಷ್ಟನ್ನು ಮಾತ್ರ ಮಾಡಿ. ಮೊದಲ ಐದಾರು ವಾಕ್ಯ. ಹಲ್ಲುಜ್ಜುವಾಗ, ಬಸ್ಸಿನಲ್ಲಿ ನಿಂತಾಗ, ನಿದ್ದೆಗಣ್ಣಿನಲ್ಲಿ ಎಬ್ಬಿಸಿ ಕೇಳಿದಾಗ ಬರಬೇಕು. ಉಳಿದದ್ದಕ್ಕೆ ಪ್ರತಿ ಸ್ಲೈಡಿಗೆ ಮೂರು ಪದದ ನೆನಪು ಇದ್ದರೆ ಆಯಿತು.

ಆ ಐದಾರು ವಾಕ್ಯ ಹೇಗಿರಬೇಕು? 'ಗೌರವಾನ್ವಿತ ಪರೀಕ್ಷಕರೇ, ಇಂದು ನಾನು ನಿಮ್ಮ ಮುಂದೆ ಪ್ರಸ್ತುತಪಡಿಸಲು ಬಯಸುವ ವಿಷಯವೇನೆಂದರೆ' ಅಂತ ಶುರು ಮಾಡಿದರೆ ಒಣಗಿದ ನಾಲಿಗೆ ಮೂರನೇ ಪದಕ್ಕೇ ತೊಡರುತ್ತದೆ. ಹೋದ ವರ್ಷ ಒಬ್ಬ ಹುಡುಗ, ಮಹಾ ಸಂಕೋಚದವನು, ಹೀಗೆ ಶುರು ಮಾಡಿದ:

"ನಮಸ್ಕಾರ. ಈ ಎರಡು ಟ್ಯೂಬ್ ನೋಡಿ. ಎಡಗಡೆಯದು ಮೆಥಿಲೀನ್ ಬ್ಲೂ ಹಾಕಿದ ನೀರು. ಬಲಗಡೆಯದೂ ಅದೇ ನೀರು, ಆದರೆ ಬಾಳೆಸಿಪ್ಪೆಯ ಪುಡಿ ಹಾಕಿ ಅಲ್ಲಾಡಿಸಿ ಸೋಸಿದ್ದು. ಬಣ್ಣ ಎಲ್ಲಿ ಹೋಯಿತು, ಎಷ್ಟು ಹೋಯಿತು, ಇದನ್ನು ನಾವು ಅಳೆದೆವು."

ಒಂದು ಟ್ಯೂಬ್ ಕಡುನೀಲಿ, ಇನ್ನೊಂದು ಹೆಚ್ಚುಕಡಿಮೆ ತಿಳಿನೀರು. ಎರಡೂ ಮರದ ಸ್ಟ್ಯಾಂಡಿನಲ್ಲಿ, ಹಿಂದೆ ಒಂದು ಬಿಳಿ ಹಾಳೆ. ಕೋಣೆಯ ಕಣ್ಣೆಲ್ಲ ಅತ್ತ ತಿರುಗಿತು. ಅವನನ್ನು ನೋಡುವವರೇ ಇರಲಿಲ್ಲ. ಅವನಿಗೆ ಬೇಕಾಗಿದ್ದೂ ಅದೇ. ನಿಮ್ಮ ಪ್ರಾಜೆಕ್ಟಿನಲ್ಲೂ ತೋರಿಸುವಂಥದ್ದು ಏನಾದರೂ ಇರುತ್ತದೆ: ಒಂದು ಎಲೆ, ಸುಟ್ಟುಹೋದ ಸರ್ಕ್ಯೂಟ್, ಒಂದು ಫೋಟೊ. ಬರೀ ಲೆಕ್ಕದ ಪ್ರಾಜೆಕ್ಟ್ ಆದರೆ ಒಂದು ಗ್ರಾಫ್. ಅದನ್ನು ಮುಂದಿಟ್ಟು ಅದರ ಹಿಂದೆ ನಿಂತುಕೊಳ್ಳಿ.

ಇನ್ನೊಂದು ವಿಷಯ. ವೇದಿಕೆಗೆ ಹೋದ ತಕ್ಷಣ ಮಾತು ಶುರು ಮಾಡಬೇಡಿ. ವಸ್ತು ಇಡಿ. ಪಾದ ಎರಡೂ ನೆಲಕ್ಕೆ ಊರಿ. ಒಂದು ಸಲ ನಿಧಾನವಾಗಿ ಉಸಿರು ಬಿಡಿ. ಎಳೆದುಕೊಳ್ಳುವುದಕ್ಕಿಂತ ಬಿಡುವುದು ಉದ್ದ ಇರಲಿ, ನಾಲ್ಕು ಎಣಿಸುವಷ್ಟು ಒಳಗೆ, ಆರು ಎಣಿಸುವಷ್ಟು ಹೊರಗೆ. ಉಸಿರು ಬಿಡುವಾಗ ಎದೆಬಡಿತ ಸ್ವಲ್ಪ ನಿಧಾನವಾಗುತ್ತದೆ. ನಿಮಗೆ ಯುಗದಂತೆ ಅನಿಸುವ ಈ ಹೊತ್ತು ನಮಗೆ ಗೊತ್ತೇ ಆಗುವುದಿಲ್ಲ, ಹಿಂದಿನವರ ಅಂಕ ಬರೆಯುತ್ತಿರುತ್ತೇವೆ.

'ನನ್ನ ಭಯ ಎಲ್ಲರಿಗೂ ಕಾಣುತ್ತಿದೆ' ಅನ್ನುವುದೂ ಮುಕ್ಕಾಲು ಪಾಲು ಭ್ರಮೆ. ಕೆನೆತ್ ಸಾವಿಟ್‌ಸ್ಕಿ ಮತ್ತು ಥಾಮಸ್ ಗಿಲೋವಿಚ್ ಎಂಬ ಮನೋವಿಜ್ಞಾನಿಗಳು 2003ರಲ್ಲಿ ಇದನ್ನೇ ಪ್ರಯೋಗ ಮಾಡಿ ನೋಡಿದರು. ಭಾಷಣ ಮಾಡಿದವರು ತಮ್ಮ ಅಳುಕು ಎಷ್ಟು ಕಂಡಿತು ಅಂದುಕೊಂಡಿದ್ದರೋ, ಕೇಳುವವರಿಗೆ ಅಷ್ಟು ಕಂಡಿರಲಿಲ್ಲ. ಈ ವಿಷಯವನ್ನು ಮೊದಲೇ ತಿಳಿಸಿದವರಂತೂ ಇನ್ನೂ ಚೆನ್ನಾಗಿ ಮಾತಾಡಿದರು. ಈಗ ನಿಮಗೂ ತಿಳಿಸಿದ್ದೇನೆ. 'ಸಾರಿ ಸರ್, ತುಂಬಾ ಟೆನ್ಷನ್' ಅಂತ ಹೇಳಿ ನೀವಾಗಿಯೇ ತೋರಿಸಿಕೊಡಬೇಡಿ.

4. ಅಭ್ಯಾಸ

ಬಾಯಿ ಬಿಟ್ಟು, ಎದ್ದು ನಿಂತು. ಮನಸ್ಸಿನಲ್ಲೇ ಓದಿಕೊಳ್ಳುವುದು ಅಭ್ಯಾಸವಲ್ಲ. ಕನ್ನಡಿ ಮುಂದೆ ಬೇಡ, ಅಲ್ಲಿ ಪ್ರಾಜೆಕ್ಟ್ ಬಿಟ್ಟು ಮುಖವನ್ನೇ ನೋಡುತ್ತೀರಿ. ಫೋನಿನಲ್ಲಿ ಬರೀ ಧ್ವನಿ ರೆಕಾರ್ಡ್ ಮಾಡಿ ಕೇಳಿ. ಸಮಯ ನೋಡಿಕೊಳ್ಳಿ, ಭಯದಲ್ಲಿ ಮಾತು ಓಡುತ್ತದೆ. ಒಮ್ಮೆಯಾದರೂ ನಿಮ್ಮ ವಿಷಯ ಗೊತ್ತಿಲ್ಲದ ಒಬ್ಬರ ಎದುರು ಹೇಳಿ. ಒಮ್ಮೆ ಅದೇ ಕೋಣೆಯಲ್ಲಿ ಹೇಳಿ.

ಮುಖ್ಯವಾದದ್ದು: ಪ್ರತಿ ಸಲ ಒಂದನೇ ಸ್ಲೈಡಿನಿಂದಲೇ ಶುರು ಮಾಡಬೇಡಿ. ಗೆಳೆಯನಿಗೆ ಒಂದು ನಂಬರ್ ಹೇಳಲು ಹೇಳಿ. ಐದು ಅಂದರೆ ಐದರಿಂದ, ಎರಡು ಅಂದರೆ ಎರಡರಿಂದ. ಮಧ್ಯೆ ಕಡಿದರೂ ಮತ್ತೆ ಹತ್ತಿಕೊಳ್ಳಲು ಬರುವುದು ಹೀಗೆ. ಕಡಿದಾಗ ಹೇಳಲು ಒಂದು ವಾಕ್ಯ ಜೇಬಿನಲ್ಲಿರಲಿ: "ಈ ಗ್ರಾಫಿನಲ್ಲಿ ಏನಿದೆ ನೋಡೋಣ." ಅಷ್ಟರಲ್ಲಿ ಎಳೆ ಸಿಗುತ್ತದೆ. ಸಿಗದಿದ್ದರೆ ಒಂದು ಗುಟುಕು ನೀರು ಕುಡಿಯಿರಿ. ನೀರು ಕುಡಿಯುವವರನ್ನು ಯಾರೂ ಮರೆತವರು ಅಂದುಕೊಳ್ಳುವುದಿಲ್ಲ.

ಗುಂಪಿನ ಪ್ರಾಜೆಕ್ಟ್ ಆದರೆ ಹೆದರುವವರಿಗೆ ಸುಮ್ನೆ ಪೀಠಿಕೆಯನ್ನೋ ಕೊನೆಯ ವಂದನೆಯನ್ನೋ ಕೊಡುತ್ತಾರೆ. ತಪ್ಪು. ನಿಮ್ಮ ಕೈಯಾರೆ ಮಾಡಿದ ಭಾಗವನ್ನೇ ಕೇಳಿ ತೆಗೆದುಕೊಳ್ಳಿ. ಮಾಡಿದ್ದನ್ನು ಹೇಳುವುದು ಸುಲಭ. ಎಐ ಬರೆದುಕೊಟ್ಟ ಭಾಷಣ ಹಿಡಿದು ಬರುವವರೂ ಈಗ ಜಾಸ್ತಿ. ತಮ್ಮ ಬಾಯಲ್ಲಿ ಯಾವತ್ತೂ ಬಾರದ ಪದಗಳು ಭಯದ ಹೊತ್ತಿನಲ್ಲಿ ಬರುತ್ತವೆಯೇ?

5. ಕೈ

ನಡುಗುವ ಕೈಗೆ ಎ4 ಹಾಳೆ ಕೊಟ್ಟರೆ ಅದು ಬಾವುಟ. ಅಂಗೈಯಷ್ಟು ಗಟ್ಟಿ ಕಾರ್ಡ್ ಇಟ್ಟುಕೊಳ್ಳಿ. ಟ್ಯೂಬನ್ನು ಕೈಯಲ್ಲಿ ಎತ್ತಬೇಡಿ, ಸ್ಟ್ಯಾಂಡಿನಲ್ಲೇ ತೋರಿಸಿ. ಲೇಸರ್ ಪಾಯಿಂಟರ್ ಅಂತೂ ಮುಟ್ಟಲೇಬೇಡಿ. ಕೈ ಒಂದೇ ಡಿಗ್ರಿ ಅಲುಗಿದರೂ 5 ಮೀಟರ್ ದೂರದ ಪರದೆಯಲ್ಲಿ ಚುಕ್ಕೆ ಸುಮಾರು 9 ಸೆಂ.ಮೀ. ಜಿಗಿಯುತ್ತದೆ. ತೋರಿಸಬೇಕಾದ ಕಡೆ ಸ್ಲೈಡಿನಲ್ಲೇ ಬಾಣದ ಗುರುತು ಹಾಕಿ. ಅಗ್ಗದ ರಿಮೋಟ್ ಕ್ಲಿಕ್ಕರ್ ಕೂಡ ಬೇಡ, ಒಂದು ಒತ್ತಿದರೆ ಎರಡು ಹಾರುತ್ತದೆ.

6. ಆ ದಿನ ಬೆಳಗ್ಗೆ

ಕಾಫಿ, ಎನರ್ಜಿ ಡ್ರಿಂಕ್ ಹೆಚ್ಚು ಕುಡಿಯಬೇಡಿ, ಕೆಫೀನ್ ನಡುಕಕ್ಕೆ ಇನ್ನಷ್ಟು ಸೇರಿಸುತ್ತದೆ. ಗೆಳೆಯರು ಕೊಡುವ 'ಎದೆಬಡಿತ ನಿಲ್ಲಿಸುವ ಮಾತ್ರೆ' ಸಾಮಾನ್ಯವಾಗಿ ಪ್ರೊಪ್ರನೊಲಾಲ್ ಆಗಿರುತ್ತದೆ. ಆಸ್ತಮಾ ಇದ್ದವರಿಗೆ ಅದು ಅಪಾಯ. ವೈದ್ಯರು ಬರೆದುಕೊಡದೆ ನುಂಗಬೇಡಿ. 'ಶಾಂತವಾಗಿರು' ಅಂತ ಜಪ ಮಾಡುವುದಕ್ಕಿಂತ 'ನನಗೆ ಹುರುಪು ಬಂದಿದೆ' ಅಂತ ಹೇಳಿಕೊಳ್ಳುವುದು ಮೇಲು. ಆಲಿಸನ್ ವುಡ್ ಬ್ರೂಕ್ಸ್ ಎಂಬ ಸಂಶೋಧಕಿ 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಹಾಗೆ ಹೇಳಿಕೊಂಡವರ ಭಾಷಣ ಚೆನ್ನಾಗಿ ಬಂದಿತ್ತು. ಹೊಡೆದುಕೊಳ್ಳುವ ಎದೆಯನ್ನು ಹುರುಪು ಅಂತ ಕರೆದರೆ ಮನಸ್ಸು ಒಪ್ಪುತ್ತದೆ, ಶಾಂತಿ ಅಂದರೆ ನಂಬುವುದಿಲ್ಲ.

7. ಪ್ರಶ್ನೆ

ಪ್ರಶ್ನೆ ಕೇಳಿದ ಕೂಡಲೇ ಉತ್ತರಕ್ಕೆ ಹಾರಬೇಡಿ. ಪ್ರಶ್ನೆಯನ್ನೇ ನಿಮ್ಮ ಮಾತಿನಲ್ಲಿ ತಿರುಗಿ ಹೇಳಿ, ಯೋಚಿಸಲು ಹೊತ್ತು ಸಿಗುತ್ತದೆ. ನಾವು ಕೇಳುವುದು ಬಹುಪಾಲು 'ಯಾಕೆ' ಪ್ರಶ್ನೆಗಳನ್ನೇ. ಆ ಟ್ಯೂಬಿನ ಹುಡುಗನಿಗಾದರೆ: ಕಲರಿಮೀಟರಿಗೆ (ದ್ರಾವಣ ಎಷ್ಟು ಬೆಳಕು ಹೀರಿಕೊಳ್ಳುತ್ತದೆ ಅಂತ ಅಳೆಯುವ ಉಪಕರಣ) ಕೆಂಪು ಫಿಲ್ಟರ್ ಯಾಕೆ? ನೀಲಿ ದ್ರಾವಣ ಹೀರಿಕೊಳ್ಳುವುದು ಕೆಂಪು ಬೆಳಕನ್ನು, ಅದಕ್ಕೆ. ಇಂಥ ಹತ್ತು 'ಯಾಕೆ'ಗಳನ್ನು ಮೊದಲೇ ಬರೆದುಕೊಂಡರೆ ಆರೇಳು ಅದರಲ್ಲೇ ಬರುತ್ತವೆ. ಗೊತ್ತಿಲ್ಲದಿದ್ದರೆ "ಅದನ್ನು ನಾವು ಅಳೆದಿಲ್ಲ ಸರ್" ಅನ್ನಿ. ಅದು ಪೂರ್ತಿ ಉತ್ತರ. ಅದಕ್ಕೆ ನಾನು ಅಂಕ ಕಳೆದದ್ದಿಲ್ಲ. ಅಳೆಯದೆ ಕಥೆ ಕಟ್ಟಿದವರಿಗೆ ಕಳೆದಿದ್ದೇನೆ.

ಕೊನೆಯಲ್ಲಿ 'ಥ್ಯಾಂಕ್ ಯೂ' ಅಂತ ಗುಲಾಬಿ ಚಿತ್ರದ ಸ್ಲೈಡ್ ಹಾಕಬೇಡಿ. ಮುಖ್ಯ ಗ್ರಾಫ್ ಪರದೆಯ ಮೇಲೇ ಇರಲಿ, ಪ್ರಶ್ನೆಗಳು ಅದರ ಮೇಲೇ ಬರುತ್ತವೆ, ಅದು ನಿಮಗೆ ಗೊತ್ತಿರುವ ಜಾಗ. ಮುಗಿದ ಮೇಲೆ ಓಡಿಹೋಗುವ ಅವಸರದಲ್ಲಿ ಪೆನ್‌ಡ್ರೈವ್ ಮರೆಯಬೇಡಿ. ನನ್ನ ಡ್ರಾಯರಿನಲ್ಲಿ ಈಗಾಗಲೇ ನಾಲ್ಕು ಬಿದ್ದಿವೆ.